ಅಳತೆ ಪುಸ್ತಕ

ಹಲಸೂರು ಕೆರೆಗೆ ಬೆನ್ನು ಹಾಕಿದ ಅಂಗಡಿ.
ಎಂಬತ್ತೊಂಬತ್ತರ ಜೂನ್.
ಎದುರು ಕಟ್ಟೆಯ ಮೇಲೆ ಪೇಪರು ಹರವಿಕೊಂಡು ವಾದ:
ಕರೆಸಲಿ, ಸಾಕು, ಎರಡು ವರ್ಷವಾಗ್ತಾ ಬಂತು,
ಯಾರ ಮನೆ ಜಗಳ, ಯಾರ ಮಕ್ಕಳು.
ಈಗ ಕರೆಸಿದರೆ, ಇನ್ನೊಬ್ಬ ಕೇಳುತ್ತಾನೆ,
ಸತ್ತವರು ಸತ್ತಿದ್ದು ಯಾತಕ್ಕೆ?
ಟೀ ಆರುತ್ತದೆ.
ಲಂಕೆ ಇದ್ದಲ್ಲೇ ಇರುತ್ತದೆ.

ಅಪ್ಪ ಮಾತಾಡುವುದಿಲ್ಲ, ಹಲ್ಲಲ್ಲಿ ಗುಂಡುಸೂಜಿ.
ಅವನ ತಲೆಯ ಮೇಲೆ, ಹಲಗೆಯಲ್ಲಿ,
ನಾಯಕ್ ಅರುಳಪ್ಪ ತಂಗಿಯ ಮದುವೆಗೆಂದು
ಹೊಲಿಯಕೊಟ್ಟು ಹೋದ ಬೂದು ಪ್ಯಾಂಟು.
ಸೊಂಟ ಮೂವತ್ತೆರಡು, ಉದ್ದ ನಲವತ್ತು,
ಬಾಕಿ ಹದಿನೈದು ರೂಪಾಯಿ.
ಮದುವೆ ಆಗಿಹೋಯಿತು; ಆ ತಂಗಿಯ ಕೂಸು
ಮೊನ್ನೆ ಹೊಸಿಲು ದಾಟಿತು.

ಫಿಲೋಮಿನಾ ಬಂದಳು, ಅವನ ಹೆಂಡತಿ.
"ವಾಪಸ್ ಕರೆಸ್ತಾರಂತೆ" ಅಂದಳು.
ಹೇಳುತ್ತಿದ್ದಾಳೋ ಕೇಳುತ್ತಿದ್ದಾಳೋ
ನನಗೆ ತಿಳಿಯಲಿಲ್ಲ.
ಹದಿನೈದು ರೂಪಾಯಿ ಎಣಿಸಿ ಮೇಜಿನ ಮೇಲಿಟ್ಟಳು.
ಅಪ್ಪ ಪ್ಯಾಂಟು ಇಳಿಸಿ, ಧೂಳು ಕೊಡವಿ,
ಇಸ್ತ್ರಿ ಹಾಕಿ,
ಕೊಡಲಿಲ್ಲ.
ದುಡ್ಡನ್ನು ಅವಳ ಕಡೆಗೇ ಸರಿಸಿದ.
"ಅವನೇ ಬರಲಿ ಕಣಮ್ಮ.
ಬಿಗಿಯೋ ಸಡಿಲವೋ, ಹಾಕಿಸಿ ನೋಡಬೇಕಲ್ಲ."

ಆ ರಾತ್ರಿ ಕರೆಂಟು ಹೋಗಿತ್ತು.
ಮೇಣದ ಬತ್ತಿಯ ಬೆಳಕಲ್ಲಿ ಅಪ್ಪ
ಮಡಿಕೆ ಬಿಚ್ಚಿ, ಟೇಪು ಹಿಡಿದು
ಎಡಗಾಲು ಅಳೆದ,
ಬಲಗಾಲು ಅಳೆದ,
ಮತ್ತೆ ಎಡಗಾಲು.
ನಲವತ್ತು. ನಲವತ್ತು. ನಲವತ್ತು.