ಉಳಿ ಬದಲಿಸಿದ ಜಾಗ

ಮೆಟ್ಟಿಲ ಕಠಡಕ್ಕೆ ಹದಿನೆಂಟು ಗುಬ್ಬಿ ಬೇಕಿತ್ತು.
ಬೆಟಗೇರಿಯ ಲೇತ್ ಅಂಗಡಿಯಲ್ಲಿ ದಾವಲಸಾಬ
ನನ್ನ ನಕ್ಷೆ ಉಲ್ಟಾ ಹಿಡಿದು ನೋಡಿದ,
ಸುಲ್ಟಾ ಹಿಡಿದು ನೋಡಿದ.
"ಅಕ್ಕಾರ, ಇದರಾಗ ಕಂಬ ಎಲ್ಲೆದಾವ?"
ತೋರಿಸಿದೆ: ಒಂಬತ್ತಕ್ಕೆ ಹನ್ನೆರಡಿಂಚು,
ಕರಿ ತುಂಬಿದ ಡಬ್ಬಿ.
"ಇವಕ್ಕ ಊರುಗೋಲು ಅಂತಾರ್ರಿ" ಎಂದು ನಕ್ಕು
ಕರೆಂಟು ಹೋದದ್ದೇ ನೆಪ, ಷಟರ್ ಅರ್ಧ ಎಳೆದು
ಲೂನಾದ ಹಿಂದೆ ಕೂರಿಸಿಕೊಂಡ.

ತ್ರಿಕೂಟೇಶ್ವರನಿಗೆ ದೂರದಿಂದಲೇ ಕೈಯೆತ್ತಿ
ನೇರ ಸರಸ್ವತಿಯ ಮಂಟಪಕ್ಕೆ.
ಒಳಗೆ ಇಣುಕಲಿಲ್ಲ. ಒಂದು ಕಂಬದ ಮುಂದೆ ಕುಕ್ಕರುಗಾಲಲ್ಲಿ ಕೂತು
ಅದರ ಸೊಂಟದ ಗೀರಿಗೆ ತೋರುಬೆರಳ ಉಗುರಿಟ್ಟು
ಕಣ್ಣು ಮುಚ್ಚಿ, ಕೂತಲ್ಲೇ ಸರಿಯುತ್ತ, ಒಂದು ಸುತ್ತು ಬಂದ.

"ಇಲ್ಲಿ ಉಳಿ ಬದಲಿಸ್ಯಾನ ನೋಡ್ರಿ. ಮೊಂಡಾಗಿತ್ತು.
ಇಲ್ಲಿ ತಿರುಗಸಾಂವಗ ದಮ್ಮು ಹತ್ತೇತಿ.
ಕಲ್ಲು ಒಂಚೂರು ತಡದು ಮುಂದ ಹೋಗೇತಿ."

ಪಾಲಿಟೆಕ್ನಿಕ್ಕಿನಲ್ಲಿ ಇದು ನನಗೆ ಎರಡಂಕದ ಪ್ರಶ್ನೆ:
ಕಲ್ಯಾಣ ಚಾಲುಕ್ಯರು, ಬಳಪದ ಕಲ್ಲು, ಅಡಿಗೆರೆ ಎಳೆದು ಬರೆದಿದ್ದೆ.
ಉಗುರಿಟ್ಟೆ. ಏನೂ ಇಲ್ಲ, ನುಣುಪು.
ಮತ್ತೊಮ್ಮೆ.
ಮೂರನೆಯ ಸುತ್ತಿಗೆ ಕೂದಲೆಳೆಯಷ್ಟು ಎಡವಿದಂತಾಗಿ
ಯಾರದೋ ಏದುಸಿರು
ಬೆರಳ ತುದಿಗೆ ಬಡಿಯಿತು.

ಗುಬ್ಬಿಯ ರೇಟು ಕೇಳುವುದೇ ಮರೆತು
ಸಂಜೆ ಮುಳಗುಂದ ನಾಕಾದ ಸೈಟಿಗೆ ಬಂದೆ.
ನನ್ನದೇ ನಕ್ಷೆ, ಮೂವತ್ತು ನಲವತ್ತು.
ಇಪ್ಪತ್ತೊಂದು ದಿನ ತುಂಬಿ ಸೆಂಟರಿಂಗ್ ಬಿಚ್ಚುತ್ತಿದ್ದರು.
ನೀಲಗಿರಿ ಗಳ ಒಂದೊಂದೇ ಕಳಚಿ
ಸ್ಲ್ಯಾಬಿನ ಹೊಟ್ಟೆ ಬಯಲಾಯಿತು:
ಹಲಗೆಯ ಎಳೆ, ಹಲಗೆಯ ಗಂಟು,
ಸಂದಿಯಲ್ಲಿ ಬಸಿದು ಹೆಪ್ಪಾದ ಸಿಮೆಂಟಿನ ಹಾಲು,
ಹಲಗೆ ಸಾಲದೆ ತಗಡು ತುರುಕಿದ ಕಡೆ ಕನ್ನಡಿಯಂಥ ಮಿಂಚು,
ಊಟಕ್ಕೆ ನಿಂತು ಮತ್ತೆ ಸುರಿದ ಕಡೆ
ಬೂದಿ ಬಣ್ಣ ಒಂದು ಮಾತು ತಗ್ಗಿ.
ಮೂಲೆಯಲ್ಲಿ, ತೂತು ಮುಚ್ಚಲು ಹಾಸಿದ್ದ ಪೇಪರು
ತಾನು ಕಿತ್ತುಹೋಗಿ ಅಕ್ಷರ ಬಿಟ್ಟಿತ್ತು, ತಿರುವುಮುರುವು:
ಬ್ಯಾಡಗಿ ಮೆಣಸಿನಕಾಯಿ, ಕ್ವಿಂಟಲಿಗೆ.
ಎಷ್ಟೆಂಬುದು ಅಳಿಸಿದೆ.

ಮನೆಯ ಯಜಮಾನ ಅಂದಾನಪ್ಪ ತಲೆಯೆತ್ತಿ
"ಎಷ್ಟ ಹೊಲಸ ಕಾಣತೈತ್ರಿ!
ಪಿಓಪಿ ಮಾಡಿಸಿದ್ರ ಎಲ್ಲಾ ಮುಚ್ಚತೈತಿ, ಹೌದಲ್ರಿ?"

ಹೌದ್ರಿ, ಅಂದೆ. ಒಂದು ಏಣಿ ಕೇಳಿದೆ.
ತರಲು ಹೋದ ಹುಡುಗ ಇನ್ನೂ ಬಂದಿಲ್ಲ.
ನಿಂತಿದ್ದೇನೆ. ಉಗುರಿನ ಸಂದಿಯಲ್ಲಿ
ಕಂಬದ ಎಣ್ಣೆಜಿಡ್ಡು ಹಾಗೇ ಇದೆ.