ಅರ್ಧ ಇಂಚು

ಕೂತ್ಕೊಳ್ಳಿ ಗಂಗರತ್ನ ಟೀಚರ್. ಸಕ್ಕರೆ ಚಹಾದೊಳಗಲ್ಲ,
ಹಲ್ಲಿನ ನಡುವೆ. ನಮ್ಮ ಕಡೆ ಹಾಗೆ.
ಗೌರಿಬಿದನೂರಿಂದ ಬಸ್ಸು ಹತ್ತಿ ಅಲೀಪುರಕ್ಕೆ ಬಂದಿರಿ
ಮಗಳ ಹಾಜರಿ ವಿಚಾರಿಸಲು; ಕೇಳಿದ್ದು ಮಾತ್ರ ಬೇರೆ:
"ಅಲ್ಲಮ್ಮಾ, ನಿಮ್ಮೋರಿಗೆ ಅಮೆರಿಕ ಕಂಡ್ರೆ ಯಾಕಷ್ಟು ಉರಿ?"

ಉರಿ. ಸರಿಯಾದ ಪದವೇ.
ಆದರೆ ನಾನು ಉರಿಯಿಂದ ಶುರು ಮಾಡಲಾರೆ,
ಒಂದು ಸ್ಪ್ಯಾನರಿನಿಂದ ಮಾಡುತ್ತೇನೆ.

ಅಗೋ, ಹರಳು ಉಜ್ಜುವ ಸಾಣೆಯ ಪಕ್ಕ ಮೊಳೆಗೆ ತೂಗಿದೆಯಲ್ಲ,
ನಮ್ಮಪ್ಪನದು. ಇಸ್ಫಹಾನಿನ ವಿಮಾನದ ಶೆಡ್ಡಿನಲ್ಲಿ
ಅವನಿಗೆ ಇಪ್ಪತ್ತೆರಡು. ವೆಂಡೆಲ್ ಅಂತ ಒಬ್ಬ, ಟೆಕ್ಸಾಸಿನವನು,
ಬಿಸಿಲಿಗೆ ಕೆಂಪಾದ ಕತ್ತು, ಶೆಡ್ಡು ತುಂಬುವ ನಗು,
ಇಂಜಿನ್ನಿನ ಹೊಟ್ಟೆಯೊಳಗೆ ಕೈ ಹಿಡಿದು ಕಲಿಸಿದ.
ಹೊರಡುವಾಗ ಇದನ್ನು ಕೊಟ್ಟ.
ಅಪ್ಪ ವೆಂಡೆಲನನ್ನು ಒಂದು ದಿನವೂ ಬೈಯಲಿಲ್ಲ.
ಬರೆದುಕೊಳ್ಳಿ ಇದನ್ನು.

ಆಮೇಲೆ ದೊರೆ ಓಡಿದ, ವೆಂಡೆಲ್ ಊರು ಸೇರಿದ,
ಬಿಡಿಭಾಗ ನಿಂತಿತು. ಯುದ್ಧ ಬಂತು.
ಆಕಾಶದಲ್ಲಿ ನಾವು ಹಾರಿಸಿದ್ದು ಅವರದೇ ವಿಮಾನ.
ಅದಕ್ಕೂ ಮೇಲೆ ಅವರದೇ ಕಣ್ಣು,
ನಮ್ಮ ಹುಡುಗರು ಎಲ್ಲಿ ಕಂದಕ ತೋಡಿದ್ದಾರೆಂದು
ಪಕ್ಕದ ಮನೆಯವನ ಕಿವಿಗೆ ಊದುವ ಕಣ್ಣು.
ಅಪ್ಪ ಒಂದು ವಿಮಾನದ ಕರುಳು ಕಿತ್ತು
ಇನ್ನೊಂದಕ್ಕೆ ಹೊಲಿಯುತ್ತಿದ್ದ. ಮನೆಗೆ ಬಂದರೆ
ಕೈಗೆ ಎಣ್ಣೆ ವಾಸನೆ, ಬಾಯಿಗೆ ಬೀಗ.

ಅಜ್ಜಿಯದು ಇನ್ನೂ ಹಳೆಯ ಬಾಕಿ:
ಎಣ್ಣೆ ನಮ್ಮದು ಅಂದ ಮುದುಕನನ್ನು
ಕುರ್ಚಿಯಿಂದ ಎಬ್ಬಿಸಿದ ಆ ಆಗಸ್ಟು.
ಅವಳು ಬೀದಿಗೆ ಹೋದದ್ದು ಬ್ರೆಡ್ಡಿಗೆ; ಬ್ರೆಡ್ಡಿಲ್ಲದೆ ಬಂದಳು.
ಅಷ್ಟೇ ಅವಳ ರಾಜಕೀಯ. ಸಾಯುವವರೆಗೂ ಸಾಕಾಯಿತು.

ಆನೆ ನಡೆದದ್ದೇ ದಾರಿ ಅಂತೀರಿ ನೀವು.
ನಾನು ಆನೆಯನ್ನು ನೋಡುವುದು ಬಿಟ್ಟು ಬಹಳ ದಿನವಾಯಿತು.
ಹಿಂದೆ ಹಿಂದೆ ಹೋಗುವವರನ್ನು ನೋಡುತ್ತೇನೆ.
ಕೊಲ್ಲಿಯಾಚೆಯ ಅರಮನೆಗಳು, ಮಂಜಿನ ದೇಶದ ಕೋಟುಗಳು,
ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡವರು.
ಯಾರ ಕಾಲಿಗೂ ಸರಿಹೊಂದದ ಬೂಟು,
ಆದರೂ ಎಲ್ಲರದೂ ಒಂದೇ ಹೆಜ್ಜೆ.

ಕುಮ್‌ನಲ್ಲಿ ಓದಲು ಬಂದ ಸಫ್ದರನ ಕೈಹಿಡಿದು ನಾನಿಲ್ಲಿಗೆ ಬಂದಾಗ
ಸೂಟ್‌ಕೇಸಿನಲ್ಲಿ ಕೇಸರಿ, ಎರಡು ಸೀರಿಯಲ್ ಕ್ಯಾಸೆಟ್ಟು, ಈ ಸ್ಪ್ಯಾನರು.
ಉತ್ತರ ಪಿನಾಕಿನಿಯ ಮರಳು ಕಂಡು ಅತ್ತೆ.
ನಮ್ಮ ಝಾಯಂದೆಗೂ ಹೆಸರಿನಲ್ಲಷ್ಟೇ ನೀರು.
ಸಾಣೆಚಕ್ರ ಸಡಿಲವಾದ ದಿನ ಹೆಮ್ಮೆಯಿಂದ ಕೊಟ್ಟೆ.
ಇದು ಅರ್ಧ ಇಂಚು. ಇಲ್ಲಿನ ನಟ್ಟು ಹದಿಮೂರು ಮಿಲಿಮೀಟರು.
ಕೂದಲೆಳೆಯಷ್ಟು ಸಾಲದು, ಹತ್ತುವುದೇ ಇಲ್ಲ.
ಸಫ್ದರ್ ನಕ್ಕ. ಮಾವನ ವಸ್ತುವಲ್ಲವೇ,
ಅರ ತೆಗೆದುಕೊಂಡು ನಟ್ಟಿನ ಆರೂ ಮುಖ ತೇಯ್ದ,
ಸ್ಪ್ಯಾನರಿಗೆ ಹೊಂದುವವರೆಗೆ.

ಅವತ್ತು ಗೊತ್ತಾಯಿತು ಟೀಚರ್,
ಒಕ್ಕೂಟ ಅಂತ ಪೇಪರಿನಲ್ಲಿ ಬರೆಯುತ್ತಾರಲ್ಲ, ಆ ಪದ.
ತೇಯುವುದು ಯಾವಾಗಲೂ ನಟ್ಟೇ.

ನಗಬೇಡಿ, ಇನ್ನೂ ಇದೆ.
ನನ್ನ ತಂಗಿಯ ತಲೆಗೂದಲು ಬೆರಳಷ್ಟು ಹೊರಗೆ ಕಂಡದ್ದಕ್ಕೆ
ಅಳತೆ ಹಿಡಿದು ವ್ಯಾನು ಹತ್ತಿಸಿದವರು ಇಂಗ್ಲಿಷ್ ಮಾತಾಡಲಿಲ್ಲ.
ಅಪ್ಪನ ಭಾಷೆಯಲ್ಲೇ ಗದರಿದರು.
ಅರ ಅವರ ಹತ್ತಿರವೂ ಇದೆ.
ಆದರೆ ಅವರನ್ನು ಬೈಯುವ ಹಕ್ಕು ತಂಗಿಗಿದೆ, ನನಗಿದೆ;
ಮೇಲಿಂದ ಬಾಂಬು ಬಿಟ್ಟು ಅವಳ ಪರವಾಗಿ ಮಾತಾಡುವವನಿಗೆ
ಯಾರು ಕೊಟ್ಟರು?
ಬಾಂಬಿಗೆ ಮುಸುಕು ಯಾವುದು, ಕೂದಲು ಯಾವುದು.

ಚಹಾ ಆರಿತು. ಇನ್ನೊಂದು ಲೋಟ?
ಬೇಡವೇ. ಸರಿ, ಹಾಜರಿ ಪುಸ್ತಕ ತೆಗೆಯಿರಿ.
ಝಹರಾ ಮೂರು ದಿನ ಶಾಲೆಗೆ ಬರಲಿಲ್ಲ, ನಿಜ.
ಮೂರು ದಿನ ಅವಳ ಮಾಮ ಬೆಹ್ರೂಜನ ಫೋನು ಹತ್ತಲಿಲ್ಲ.
ಮಾಳಿಗೆಯ ಮೇಲೆ, ಸಿಗ್ನಲ್ ಸಿಗುವ ಮೂಲೆಯಲ್ಲಿ ಕೂತಿದ್ದಳು.

ಜ್ವರ ಅಂತ ಬರೆದುಕೊಳ್ಳಿ.