ಬೆಡಗು

ದುರ್ಗದ ಬಸ್ಸಿಳಿದು ಪೆಟ್ಟಿಗೆ ಅವನೇ ತಂದ.
ಐಸು ಅರ್ಧ ಕರಗಿ ಅಂಗಿಯ ಮುಂಭಾಗ ನೆಂದಿತ್ತು.
ಒಳಗೆ ಕರಡಿಯ ಶ್ವಾಸಕೋಶ, ಅಂಗೈಯಗಲದ ತುಂಡು,
ಕೊಯ್ದಲ್ಲೆಲ್ಲ ಗಿಣ್ಣಿನಂತೆ ಹೆಪ್ಪು.
ಚೀಟಿಯಲ್ಲಿ: ಹೆಣ್ಣು, ಏಳು ವರ್ಷ.
'ಸಣ್ಣಕ್ಕ' ಎಂದು ಬರೆದದ್ದನ್ನು ಯಾರೋ ಗೀಟೆಳೆದು ಹೊಡೆದಿದ್ದರು.

"ನಿಮ್ಮ ಹೆಸರು?" ಅಂದೆ. "ಪಾಲಯ್ಯ" ಅಂದು
ಗೋಡೆಯ ಕಡೆ ತಿರುಗಿ ಕೆಮ್ಮಿದ.
ಅವನ ಕೈಗೂ ಒಂದು ಡಬ್ಬಿ ಕೊಟ್ಟೆ:
ನಾಳೆ ಬೆಳಿಗ್ಗೆ, ಬಾಯಿ ತೊಳೆದು,
ಎದೆಯಿಂದ ಬಂದದ್ದು. ಬರೀ ಉಗುಳಲ್ಲ.

ನೀಲಿ ಬಯಲಲ್ಲಿ ಕೆಂಪು ಕಡ್ಡಿಗಳು, ಎಣಿಸಿದಷ್ಟೂ.
ಕಂಡರಷ್ಟೇ ಸಾಲದು;
ದನದ್ದೋ ಮನುಷ್ಯನದೋ, ಕಣ್ಣಿಗೆ ಒಂದೇ ಕೆಂಪು.
ಮೊಟ್ಟೆ ಕದಡಿ, ಹಸಿರು ಬೆರೆಸಿ,
ಓರೆಯಾಗಿ ಗಟ್ಟಿಮಾಡಿದ ಬಾಟಲಿಯಲ್ಲಿ ಬಿತ್ತಿದೆ.
ಈ ಬೆಳೆಗೆ ಅವಸರವಿಲ್ಲ.
ಮೊದಲ ವಾರ ಏನಿಲ್ಲ. ಮೂರನೆಯ ವಾರ, ಏನಿಲ್ಲ.
ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹೊಗೆಗೆ ಕಿಟಕಿ ಮುಚ್ಚಿದೆ.
ಐದನೆಯ ವಾರ, ರೊಟ್ಟಿಯ ಪುಡಿ ಉದುರಿದ ಹಾಗೆ,
ಒರಟಾಗಿ, ಕೆನೆಬಣ್ಣದಲ್ಲಿ ಎದ್ದಿತು.

ಆಮೇಲೆ ನಲವತ್ತಮೂರು ಮನೆಯ ಪಟ್ಟಿ.
ಇದ್ದದ್ದು ಕಪ್ಪು, ಇಲ್ಲದ್ದು ಬಿಳಿ,
ಚಳ್ಳಕೆರೆ ಕಂಬಳಿಯ ಅಂಚಿನಂತೆ.
ಕೊನೆಯ ಐದು ಬಿಳಿಯಾಗಿದ್ದರೆ ದನದ್ದು.
ಐದೂ ಕಪ್ಪು.
ಇಪ್ಪತ್ತೊಂಬತ್ತರಿಂದ ನಾಲ್ಕು ಬಿಳಿ,
ಒಂದು ಕಪ್ಪು ದಾಟಿ ಮತ್ತೊಂದು ಬಿಳಿ.
ನಮ್ಮ ಕಡೆಯದೇ. ಮನುಷ್ಯರದು.

ಪಾಲಯ್ಯನ ಪಟ್ಟಿ ಅದರ ಮೇಲಿಟ್ಟು
ಬೆಳಕಿಗೆ ಹಿಡಿದೆ.
ಎಲ್ಲೂ ಅಂಚು ತಪ್ಪಲಿಲ್ಲ.

ಹೆಣ್ಣು ಕೇಳಲು ಬಂದವರನ್ನು ನಮ್ಮಜ್ಜಿ
ನೀರು ಕೊಡುವ ಮೊದಲೇ ಕೇಳುತ್ತಿದ್ದಳು, ಬೆಡಗು ಯಾವುದು?
ಒಂದೇ ಆದರೆ ಮುಗಿಯಿತು: ನೀವು ನಾವು ಒಡಹುಟ್ಟಿದವರು,
ಊಟ ಮಾಡಿ ಹೋಗಿ.

"ನಂಗೆ ಅದ್ರಿಂದ ಬಂತೇನಕ್ಕ?"
ಹಾಗಾಗಿದ್ದರೆ ಚೆನ್ನಾಗಿತ್ತು ಎಂಬಂತೆ ಫೋನಿನಲ್ಲಿ ಕೇಳಿದ.
ಪಟ್ಟಿ ದಿಕ್ಕು ಹೇಳುವುದಿಲ್ಲ ಅಂದೆ.
ಅದು ನಿಜ. ಪೂರ್ತಿ ನಿಜವಲ್ಲ.
ಆ ಕಡೆ ಬಹಳ ಹೊತ್ತು ಬರೀ ಉಸಿರು.
"ಜೋಗಿಮಟ್ಟಿ ಬಂಡೆಸಂದೀಲಿ ಸಿಕ್ಕಾಗ ಬೆಕ್ಕಿನಷ್ಟಿತ್ತು.
ರಾಗಿಗಂಜಿ ಬಿಸಿ ಇರ್ತಿತ್ತು.
ಉರುಬಿ ಉರುಬಿ ಕುಡಿಸ್ದೆ."

ಸೋಂಕಿನ ಮೂಲ ಎಂಬ ಅಂಕಣದಲ್ಲಿ
'ಮಾನವ ಸಂಪರ್ಕ' ಎಂದು ಬರೆದೆ.
ಗಂಜಿಯ ವಿಷಯ ಬರೆಯಲು ಜಾಗವಿರಲಿಲ್ಲ.

ಆರು ತಿಂಗಳ ಮಾತ್ರೆ ಒಂದೂ ಬಿಡದೆ ಮುಗಿಸಿದ್ದಾನೆ.
ಹೊಸ ಮರಿಯೊಂದು ಬಂದಿದೆಯಂತೆ.
ಬಟ್ಟಲನ್ನು ಹುಣಸೆಯ ನೆರಳಲ್ಲಿಟ್ಟು
ದೂರ ಕೂತು, ಬಾಯಿಗೆ ಟವೆಲು ಬಿಗಿದು,
ಅದು ತಾನಾಗಿ ಆರುವುದನ್ನೇ ಕಾಯುತ್ತಾನಂತೆ,
ಮರಿ ಎಷ್ಟು ಕಿರುಚಿದರೂ.